ಕ್ಷಮಿಸುವ ವಿದ್ಯೆ

ಜೂನ್ 3, ಮಂಗಳವಾರ

ಹೊಸ ತಂಡ ಬಂದಿದೆ. ಜೈಲುಗಳಲ್ಲಿ ಆಪ್ತ ಸಮಾಲೋಚಕರಾಗಲು, ಕುಡಿತ ಬಿಡಿಸುವ ಕೇಂದ್ರಗಳಲ್ಲಿ ಕೆಲಸ ಮಾಡಲು ಹೊರಟವರು. ಎಲ್ಲರ ಮುಖದಲ್ಲೂ ಲೋಕೋದ್ಧಾರದ ಹೊಳಪು. ಆ ಹೊಳಪನ್ನು ತಿಕ್ಕಿ ತೆಗೆದು ಅಡಿಯಲ್ಲಿ ಗಟ್ಟಿ ಲೋಹ ಏನಾದರೂ ಇದೆಯೇ ಎಂದು ನೋಡುವುದು ನನ್ನ ಕೆಲಸ. ಜೈಲಿನ ಕಡೆಯ ಪಾಠ ವಾರ್ಡರ್ ಸಾಹೇಬರದು. ಕೂದಲು ನರೆಯುವ ತನಕ ಬೀಗದ ಕೈ ಹಿಡಿದು ಓಡಾಡಿ ನಿವೃತ್ತರಾದವರು. "ಬೀಗ ಹಾಕೋದು ನಾನು ಕಲಿಸ್ತೀನಿ, ತೆಗೆಯೋದು ಮೇಡಂ ಕಲಿಸ್ತಾರೆ" ಎಂದು ಪ್ರತಿ ತಂಡಕ್ಕೂ ಅದೇ ಜೋಕು. ಪ್ರತಿ ತಂಡವೂ ನಗುತ್ತದೆ. ನಾನೂ ನಗಬೇಕಾಗುತ್ತದೆ.

ಮೊದಲ ಪಾಠ ಎಂದಿನಂತೆ ಸಣ್ಣ ತಿರುವುಗಳದ್ದು. ಬಿಟ್ಟವನು ಮತ್ತೆ ಕುಡಿಯುವುದು ಹೆಂಡದಂಗಡಿಗೆ ಹೋಗಿ ಅಲ್ಲ. ಅವನು ಹೋಗುವುದು ಚಪ್ಪಲಿ ಹೊಲಿಸಲು. ಮನೆಯ ಹತ್ತಿರದ ಚಮ್ಮಾರ ಸರಿಯಿಲ್ಲ, ಆ ಕಡೆಯವನು ಒಳ್ಳೆಯವನು, ಅವನ ಎದುರಿಗೆ ಹೆಂಡದಂಗಡಿ ಇದ್ದರೆ ತನ್ನ ತಪ್ಪೇನು? ಹೀಗೆ ಒಂದೊಂದೇ ತಿರುವು. ಪ್ರತಿ ತಿರುವಿಗೂ ಒಂದು ಒಳ್ಳೆಯ ಕಾರಣ. "ಕಾರಣ ಎಷ್ಟು ಚೆನ್ನಾಗಿದೆಯೋ ಅಷ್ಟು ಅನುಮಾನ ಪಡಿ" ಎಂದೆ. ಎಲ್ಲರೂ ಬರೆದುಕೊಂಡರು. ಮುಂದಿನ ಬೆಂಚಿನ ನರ್ಸ್ ಮಾತ್ರ ಬರೆದುಕೊಳ್ಳದೆ ನನ್ನನ್ನೇ ನೋಡುತ್ತಿದ್ದಳು. ಅವಳು ಆಸ್ಪತ್ರೆ ಬಿಟ್ಟು ಬಂದವಳು, ಈ ತಂಡದಲ್ಲಿ ತಲೆ ಇರುವವಳು ಅವಳೊಬ್ಬಳೇ ಎಂದು ಕಾಣುತ್ತದೆ.

ಊಟದ ಹೊತ್ತಿಗೆ ಜೈಲು ಕಚೇರಿಯಿಂದ ಫೋನು. ಸತ್ತವರ ಮನೆಯವರಿಗೆ ತಿಳಿಸಬೇಕೆಂಬ ನಿಯಮವಂತೆ. ಅಕ್ಕನ ಸಾವಿಗೆ ಕಾರಣನಾದವನು ಕಳೆದ ತಿಂಗಳೇ ಬಿಡುಗಡೆಯಾಗಿದ್ದಾನೆ. ತಿಳಿಸಲು ಸ್ವಲ್ಪ ತಡವಾಯಿತು, ಕ್ಷಮಿಸಿ ಎಂದರು. ಪರವಾಗಿಲ್ಲ ಎಂದೆ. ಮಧ್ಯಾಹ್ನದ ಪಾಠ ಚೆನ್ನಾಗಿಯೇ ಆಯಿತು.

ಜೂನ್ 5, ಗುರುವಾರ

ಅಕ್ಕನ ಮಗಳು ಪುಟ್ಟಿಗೆ ಹೇಳಲಿಲ್ಲ. ಹೇಳಿ ಆಗಬೇಕಾದ್ದೇನು? ಅವಳಿಗೆ ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ, ಗೆಳತಿಯರು, ನಗು ಎಲ್ಲ ಇದೆ. ಅಕ್ಕ ಸತ್ತಾಗ ಅವಳಿಗೆ ಹದಿನಾರು. ಬಸ್ ನಿಲ್ದಾಣದಲ್ಲಿ ನಿಂತಿದ್ದ ಅಕ್ಕನ ಮೇಲೆ, ನಡುಹಗಲಿನಲ್ಲಿ, ಕಂಠಪೂರ್ತಿ ಕುಡಿದಿದ್ದ ಡ್ರೈವರ್ ಒಬ್ಬ ಸರಕಿನ ವ್ಯಾನು ಹತ್ತಿಸಿದ. ಆಮೇಲೆ ಪುಟ್ಟಿ ನನ್ನ ಮನೆಗೆ ಬಂದಳು. ಅಕ್ಕನ ಸೈಕಲ್ಲೂ ಬಂತು. ಅದು ಮೆಟ್ಟಿಲ ಕೆಳಗಿನ ಸಂದಿನಲ್ಲಿ, ಗಾಳಿ ಇಳಿದ ಗಾಲಿಗಳ ಮೇಲೆ ನಿಂತುಕೊಂಡಿದೆ.

ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ದೀಪ ಹಾಕಲು ಆ ಸಂದಿಗೆ ಕೈ ಚಾಚುವಾಗ ಅಲ್ಲಿ ಅಕ್ಕ ಇದ್ದಾಳೆ ಎನ್ನಿಸುತ್ತದೆ. ಬೇರೆಲ್ಲೂ ಅಲ್ಲ, ಅಲ್ಲಿ ಮಾತ್ರ. ಏನೂ ಮಾತಾಡುವುದಿಲ್ಲ. ಬದುಕಿದ್ದಾಗ ಬಾಯಿಗೆ ಬೀಗ ಇಲ್ಲದವಳು, ಈಗ ಸುಮ್ಮನೆ ನಿಂತಿರುತ್ತಾಳೆ, ನಾನೇನೋ ಮಾಡಲಿ ಎಂದು ಕಾಯುವವಳ ಹಾಗೆ.

ಜೂನ್ 11, ಬುಧವಾರ

ಇವತ್ತು ವಾರ್ಡರ್ ಸಾಹೇಬರ ತರಗತಿ. ನಾನು ಹಿಂದೆ ಕೂತಿದ್ದೆ. ಸುಧಾರಿಸಿದವರ ಉದಾಹರಣೆ ಹೇಳುತ್ತಾ, "ನಮ್ಮಲ್ಲಿ ಒಬ್ಬ ಡ್ರೈವರ್ ಇದ್ದ. ಕುಡಿದು ಗಾಡಿ ಓಡಿಸಿ ಒಬ್ಬ ಹೆಂಗಸನ್ನ ಬಸ್ ಸ್ಟಾಪಲ್ಲಿ ಮುಗಿಸಿಬಿಟ್ಟಿದ್ದ. ಒಳಗೆ ಸೈಕಲ್ ರಿಪೇರಿ ಕಲಿತ, ಆಮೇಲೆ ಉಳಿದವರಿಗೂ ಕಲಿಸಿದ. ಎಲ್ಲರೂ ಸೈಕಲ್ ಮೇಷ್ಟ್ರು ಅಂತಾನೇ ಕರೀತಿದ್ರು. ಈಗ ಬಸ್ ಡಿಪೋ ಹಿಂದೆ ಅಂಗಡಿ ಇಟ್ಕೊಂಡಿದಾನೆ. ಇಂಜಿನ್ ಇರೋ ಯಾವುದನ್ನೂ ಮುಟ್ಟಲ್ಲ. ಹೆಂಡಾನೂ ಮುಟ್ಟಲ್ಲ" ಎಂದರು.

ಅಕ್ಕ ಅಪಘಾತದಲ್ಲಿ ಹೋದಳೆಂದಷ್ಟೇ ಸಾಹೇಬರಿಗೆ ಗೊತ್ತು. ಎಲ್ಲಿ, ಯಾರಿಂದ ಹೋದಳೆಂದು ಗೊತ್ತಿಲ್ಲ. ನನ್ನ ಮುಖ ಹೇಗಿತ್ತೋ. ನರ್ಸ್ ತಿರುಗಿ ನೋಡಿದಳು. ನೀರಿನ ಬಾಟಲಿ ಎತ್ತಿ ಕುಡಿದೆ.

ಮೇಷ್ಟ್ರಂತೆ.

ಜೂನ್ 12, ಗುರುವಾರ

ಪುಟ್ಟಿ ದಿನವೂ ಬಸ್ಸಿಗೆ ಕಾದು ಕಾದು ತಡವಾಗಿ ಬೈಸಿಕೊಳ್ಳುತ್ತಾಳೆ. ಒಂದು ಸೈಕಲ್ ಇದ್ದರೆ ಎಷ್ಟು ಅನುಕೂಲ! ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಆ ಗಾದೆ ನಮ್ಮದೇ. ಅಕ್ಕನ ಸೈಕಲ್ ತುಕ್ಕು ಹಿಡಿದಿದ್ದರೂ ಗಟ್ಟಿಮುಟ್ಟಾಗಿದೆ. ರಿಪೇರಿ ಮಾಡಿಸಬೇಕು.

ಬೀದಿಯ ಕೊನೆಯಲ್ಲಿ ಒಬ್ಬ ರಿಪೇರಿಯವನಿದ್ದಾನೆ. ಆದರೆ ಕೆಲಸ ಕಡಿಮೆ, ಮಾತು ಜಾಸ್ತಿ. ಕಳೆದ ಸಲ ಪಕ್ಕದ ಮನೆಯವರ ಸೈಕಲ್ಲನ್ನು ಹಾಳು ಮಾಡಿ ಕೊಟ್ಟಿದ್ದ.

ಜೂನ್ 17, ಮಂಗಳವಾರ

ಸೈಕಲ್ ತಳ್ಳಿಕೊಂಡೇ ಡಿಪೋ ಕಡೆ ಹೋದೆ. ದೂರ ಇತ್ತು, ಆದರೂ ನಡೆಯುವುದು ಒಳ್ಳೆಯದು, ಡಾಕ್ಟರೂ ಹೇಳಿದ್ದಾರೆ.

ತಗಡಿನ ಷಟರ್, ಒಳಗೆ ಒಂದೇ ಬಲ್ಬು, ಗೋಡೆಗೆ ನೇತುಹಾಕಿದ ಗಾಲಿಗಳು. ಎದುರಿಗೇ ಹೆಂಡದಂಗಡಿ. ಇಷ್ಟು ಸಣ್ಣ ಮನುಷ್ಯನೇ ಎನ್ನಿಸಿತು. ಕೋರ್ಟಿನಲ್ಲಿ ಕಟಕಟೆಯಲ್ಲಿ ನಿಂತಿದ್ದಾಗ ದೈತ್ಯನ ಹಾಗೆ ಕಂಡಿದ್ದ. ಆಗ ನನಗೆ ಉದ್ದ ಜಡೆ ಇತ್ತು, ಕನ್ನಡಕ ಇರಲಿಲ್ಲ, ತೂಕವೂ ಈಗಿನ ಮುಕ್ಕಾಲು ಪಾಲು. ಅವನು ತಲೆ ಎತ್ತಿ ಒಮ್ಮೆ ನೋಡಿದ, ಸೈಕಲ್ ನೋಡಿದ, ಮತ್ತೆ ನನ್ನನ್ನು ನೋಡಿದ. ಗುರುತು ಹತ್ತಲಿಲ್ಲ.

"ತುಂಬಾ ದಿನದಿಂದ ನಿಂತಿದೆ ಅಲ್ವಾ?" ಎಂದ.

"ಹೌದು."

"ಯಾರದು?"

"ಮನೇದು" ಎಂದೆ.

ಅವನು ಸರಪಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಮಗುವಿನ ಜ್ವರ ನೋಡುವವರ ಹಾಗೆ ಮುಟ್ಟಿದ್ದು ಕಂಡು ನನಗೆ ಮೈ ಉರಿಯಿತು. "ನಿಧಾನ ಆಗುತ್ತೆ ಮೇಡಂ. ಒಂದೊಂದೇ ಬಿಚ್ಚಿ ಮಾಡ್ಬೇಕು. ನಡುನಡುವೆ ಬಂದು ನೋಡಿ" ಎಂದ. ಬರುತ್ತೇನೆ ಎಂದೆ. ಕೆಲಸ ಹೇಗೆ ನಡೆಯುತ್ತಿದೆ ಎಂದು ನೋಡಬೇಕಲ್ಲ, ಈ ರಿಪೇರಿಯವರನ್ನು ನಂಬುವ ಹಾಗಿಲ್ಲ.

ಮನೆಗೆ ಬಂದರೆ ಮೆಟ್ಟಿಲ ಕೆಳಗಿನ ಸಂದು ಖಾಲಿ. ಆದರೆ ಅಕ್ಕ ಅಲ್ಲಿಂದ ಹೊರಟು ಅಡುಗೆಮನೆಗೆ ಬಂದಿದ್ದಾಳೆ ಎನ್ನಿಸಿತು. ಸಿಂಕಿನ ಹತ್ತಿರ ನಿಂತಿದ್ದಾಳೆ.

ಜೂನ್ 23, ಸೋಮವಾರ

ಈ ಒಂದು ವಾರದಿಂದ ಹೆಚ್ಚುಕಡಿಮೆ ದಿನವೂ ಹೋಗುತ್ತಿದ್ದೇನೆ. ತರಗತಿ ಮುಗಿದ ಮೇಲೆ ಡಿಪೋ ಕಡೆಯ ಬಸ್ಸು ಬೇಗ ಸಿಗುತ್ತದೆ. ಅಲ್ಲಿಂದ ಮನೆಗೆ ಇನ್ನೊಂದು ಬಸ್ಸು. ಒಟ್ಟಿನಲ್ಲಿ ಸಮಯ ಒಂದೇ.

ಅವನು ಗಿರಾಕಿಗಳಿಗೆಂದು ಒಂದು ಸ್ಟೂಲು ಇಟ್ಟಿದ್ದಾನೆ. ಅದರ ಮೇಲೆ ಕೂರುತ್ತೇನೆ. ಮಾತಾಡಿಸುವುದು ನನ್ನ ಕಸುಬು. ಜೈಲಿನಲ್ಲಿ ಕಲ್ಲುಗಳನ್ನೇ ಮಾತಾಡಿಸಿದವಳು ನಾನು. ಇವನು ಕಲ್ಲಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಕೇಳದ್ದನ್ನು ಹೇಳುವುದಿಲ್ಲ.

"ಹೆಂಡದಂಗಡಿ ಎದುರಿಗೇ ಅಂಗಡಿ ಹಾಕಿದೀರಲ್ಲ, ತೊಂದರೆ ಆಗಲ್ವಾ?" ಎಂದು ಕೇಳಿದೆ.

"ಎದುರಿಗೇ ಇರಲಿ ಅಂತಾನೇ ಹಾಕಿದ್ದು."

"ಯಾಕೆ?"

"ದಿನಾ ನೋಡ್ಬೇಕು ಮೇಡಂ. ಸುಖವಾಗಿರೋಕಲ್ಲ ನಾನು ಹೊರಗೆ ಬಂದಿರೋದು."

ಯಾಕೆ ಹಾಗೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಪಕ್ಕದ ಟೀ ಅಂಗಡಿಯ ಅಜ್ಜಿ ಇಬ್ಬರಿಗೂ ಟೀ ತಂದಿಟ್ಟಳು. ಅವನ ಲೋಟಕ್ಕೆ ಸಕ್ಕರೆ ಇಲ್ಲ. "ಸಕ್ಕರೆ ಕಾಯಿಲೆನಾ?" ಎಂದೆ. ಅಜ್ಜಿಯೇ ಉತ್ತರ ಕೊಟ್ಟಳು: "ಕಾಯಿಲೆಯೂ ಇಲ್ಲ ಮಣ್ಣೂ ಇಲ್ಲ. ಸಕ್ಕರೆ ತಿನ್ನಲ್ಲ, ದಿಂಬು ಇಟ್ಕೊಳ್ಳಲ್ಲ, ನೆಲದ ಮೇಲೆ ಮಲಗ್ತಾನೆ. ಸನ್ಯಾಸಿ ಆಗೋಕೆ ಖಾವಿ ಒಂದೇ ಬಾಕಿ."

ಅವನು ನಗಲಿಲ್ಲ. ನನಗೆ ಒಂದು ವಿಚಿತ್ರ ಸಂತೋಷವಾಯಿತು, ಲೆಕ್ಕ ಬಿಡಿಸಿದಾಗ ಆಗುವಂಥದ್ದು.

ಜುಲೈ 1, ಮಂಗಳವಾರ

ಇವತ್ತಿನ ಪಾಠ ನನಗೇ ಹಿಡಿಸಿತು. ಇಷ್ಟು ಚೆನ್ನಾಗಿ ಪಾಠ ಮಾಡಿ ಎಷ್ಟು ಕಾಲವಾಗಿತ್ತು!

ಕುಡಿತ ಬಿಟ್ಟವರಲ್ಲಿ ಒಂದು ಜಾತಿಯವರಿದ್ದಾರೆ, ಅವರು ಬದುಕಬೇಕೆಂದು ಬಿಟ್ಟವರಲ್ಲ, ತಮ್ಮನ್ನು ತಾವು ದಂಡಿಸಿಕೊಳ್ಳಲು ಬಿಟ್ಟವರು. ಶಿಕ್ಷೆಯೇ ಅವರ ಊರುಗೋಲು. ನೋಡುವವರಿಗೆ ಬಲು ಗಟ್ಟಿಯಾಗಿ ಕಾಣುತ್ತಾರೆ. ಬೈದರೆ ಬೀಳುವುದಿಲ್ಲ, ಹೊಡೆದರೆ ಬೀಳುವುದಿಲ್ಲ, ಹೆಂಡದಂಗಡಿ ಎದುರಿಗೆ ಕೂರಿಸಿದರೂ ಬೀಳುವುದಿಲ್ಲ.

"ಹಾಗಾದ್ರೆ ಯಾವಾಗ ಬೀಳ್ತಾರೆ ಮೇಡಂ?" ನರ್ಸ್ ಕೇಳಿದಳು.

"ಶಿಕ್ಷೆ ಮುಗೀತು ಅಂತ ಯಾರಾದರೂ ಹೇಳಿದಾಗ" ಎಂದೆ. ನಮ್ಮ ಕೇಂದ್ರದಲ್ಲಿದ್ದ ಒಬ್ಬ ಬಡಗಿಯ ಕಥೆ ಹೇಳಿದೆ. ಹೆಂಡತಿಯ ಕೈ ಮುರಿದಿದ್ದವನು, ವರ್ಷಗಟ್ಟಲೆ ತೊಟ್ಟು ಮುಟ್ಟದೆ ಇದ್ದವನು. ಒಂದು ದಿನ ಅವಳು ಬಂದು ಎಲ್ಲರೆದುರಿಗೆ ಕ್ಷಮಿಸಿದೆ ಎಂದಳು. ಎಲ್ಲರೂ ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು. ಅವನು ಆ ವಾರವೇ ಕುಡಿದ, ಕುಡಿಯುತ್ತಲೇ ಸತ್ತ. ಹೊರೆ ಇಳಿಸಿದರೆ ನೆಟ್ಟಗೆ ನಿಲ್ಲುತ್ತಾನೆ ಎಂದು ನಾವು ತಿಳಿದಿದ್ದೆವು. ಆ ಹೊರೆಯೇ ಅವನನ್ನು ಹಿಡಿದು ನಿಲ್ಲಿಸಿತ್ತು. ಅದಕ್ಕೇ ನಮ್ಮಲ್ಲಿ ನಿಯಮ: ನೊಂದವರೂ ನೋಯಿಸಿದವರೂ ಎದುರಾಗುವ ಮುಂಚೆ ಇಬ್ಬರನ್ನೂ ತಿಂಗಳುಗಟ್ಟಲೆ ಸಿದ್ಧಪಡಿಸಬೇಕು. ಆ ನಿಯಮ ಬರೆದವಳು ನಾನೇ.

"ಅಂದ್ರೆ ಕ್ಷಮೆ ಕೆಟ್ಟದ್ದಾ ಮೇಡಂ?"

"ಔಷಧಿ ಕೆಟ್ಟದ್ದಾ ಸಿಸ್ಟರ್? ಹೊತ್ತುಗೊತ್ತು ನೋಡದೆ ಸುರಿದ್ರೆ?"

ಹೊರಗೆ ಬಂದ ಮೇಲೆ ವಾರ್ಡರ್ ಸಾಹೇಬರು ಬೆನ್ನು ತಟ್ಟಿ, "ಏನ್ ಮೇಡಂ, ಇವತ್ತು ಫಾರ್ಮಲ್ಲಿದ್ರಿ" ಎಂದರು.

ಜುಲೈ 4, ಶುಕ್ರವಾರ

ಹೋಗಿದ್ದೆ. ಗಾಲಿಗೆ ಹೊಸ ಕಡ್ಡಿ ಹಾಕುತ್ತಿದ್ದಾನೆ. ಹಳೆಯ ಬೆಲ್ಲನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟಿದ್ದ. ಒರೆಸಿ ಒಮ್ಮೆ ಬಾರಿಸಿದ. ಅಕ್ಕ ಬೀದಿಯ ತಿರುವಿನಲ್ಲಿ ಬಾರಿಸುತ್ತಿದ್ದ ಅದೇ ದನಿ. ನಾನು ಸ್ಟೂಲಿನಿಂದ ಎದ್ದುಬಿಟ್ಟೆ. ಅವನ ಮುಖವೂ ಬಿಳಿಚಿಕೊಂಡಿತ್ತು, ಬೆಳಕಿನ ದೋಷ ಇರಬೇಕು.

ಜುಲೈ 9, ಬುಧವಾರ

ಕೆಲವು ದಿನಗಳಿಂದ ಮನಸ್ಸು ಹಗುರಾಗಿದೆ. ಯಾಕೆಂದು ಇವತ್ತು ಹೊಳೆಯಿತು. ನಾನು ಅವನನ್ನು ಕ್ಷಮಿಸಲು ಸಿದ್ಧಳಾಗಿದ್ದೇನೆ.

ಇಷ್ಟು ದಿನ ಹೋಗಿ ಬಂದು, ಕೂತು, ಮಾತಾಡಿ, ಅವನೂ ನಮ್ಮಂಥ ಮನುಷ್ಯನೇ ಎಂದು ನೋಡಿದ ಮೇಲೆ ಇನ್ನೇನು ಉಳಿದಿದೆ? ದ್ವೇಷ ಇಟ್ಟುಕೊಂಡು ನಾನೇ ಸವೆದಿದ್ದೇನೆ. ಲೋಕವೆಲ್ಲ ಹೇಳುವುದು ಅದನ್ನೇ ಅಲ್ಲವೇ? ಕ್ಷಮಿಸು, ಮುಂದಕ್ಕೆ ನಡಿ. ಎದುರಿಗೆ ನಿಂತು, ಬಾಯಿಬಿಟ್ಟು ಹೇಳಬೇಕು. ಅಕ್ಕ ಹೋದ ದಿನ ಇದೇ ಹದಿನೆಂಟಕ್ಕೆ ಬರುತ್ತದೆ. ಆ ದಿನವೇ ಸರಿ. ಅವನಿಗೂ ಆ ದಿನ ತುಂಬಾ ಭಾರವಾಗಿರುತ್ತದೆ, ಆಗ ಹೇಳಿದರೆ ಮನಸ್ಸಿಗೆ ನಾಟುತ್ತದೆ.

ವಾರ್ಡರ್ ಸಾಹೇಬರಿಗೆ ಎಲ್ಲ ಹೇಳಿದೆ. ಅವನು ಯಾರೆಂದು ಗೊತ್ತಾದಾಗ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟು ಕೂತುಬಿಟ್ಟರು. ಅವತ್ತು ತರಗತಿಯಲ್ಲಿ ಅಂದದ್ದಕ್ಕೆ ಮೂರು ಸಲ ಕ್ಷಮೆ ಕೇಳಿದರು. ಆಮೇಲೆ, "ಅವನು ಹೋಗೋ ಕುಡಿತ ಬಿಡಿಸೋ ಕೇಂದ್ರದೋರಿಗೆ ಒಂದು ಮಾತು ಹೇಳಿ, ಅವನನ್ನ ತಯಾರು ಮಾಡಿ, ಆಮೇಲೆ ಹೋದ್ರೆ ಆಗಲ್ವಾ? ನಿಮ್ಮದೇ ನಿಯಮ ಅಲ್ವಾ ಮೇಡಂ?" ಎಂದರು.

"ಅದು ಅಪರಿಚಿತರಿಗೆ ಸಾಹೇಬ್ರೇ. ನಾನು ದಿನಾ ನೋಡ್ತಿರೋನು. ನನಗಿಂತ ಚೆನ್ನಾಗಿ ಅವನನ್ನ ಯಾರು ಬಲ್ಲರು?"

"ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತಾರಲ್ಲ, ಹಾಗಾಗಬಾರದು ನೋಡಿ" ಎಂದು ನಕ್ಕರು. ಕಣ್ಣು ಮಾತ್ರ ನಗಲಿಲ್ಲ. ಇಡೀ ಆಯುಷ್ಯ ಕಳ್ಳಕಾಕರ ನಡುವೆ ಕಳೆದವರಿಗೆ ಎಲ್ಲದರಲ್ಲೂ ಅನುಮಾನ.

ಜುಲೈ 14, ಸೋಮವಾರ

ಒಳ್ಳೆಯ ನಿದ್ದೆ ಬರುತ್ತಿದೆ. ಹಸಿವೂ ಚೆನ್ನಾಗಿದೆ. ಪುಟ್ಟಿ, "ಏನ್ ಚಿಕ್ಕಿ, ಹಾಡು ಗುನುಗ್ತಿದೀಯ? ಯಾರಾದ್ರೂ ಸಿಕ್ಕಿದ್ರಾ?" ಎಂದು ಕೀಟಲೆ ಮಾಡಿದಳು.

ಅಕ್ಕ ಈಗ ನನ್ನ ಬೆನ್ನ ಹಿಂದೆಯೇ ಇರುತ್ತಾಳೆ. ತಳ್ಳುವವಳ ಹಾಗೆ ಎಂದು ಬರೆಯಹೊರಟಿದ್ದೆ. ಇಲ್ಲ, ತೋಳು ಹಿಡಿದಿರುವವಳ ಹಾಗೆ. ಎರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ.

ಜುಲೈ 18, ಶುಕ್ರವಾರ

ಹೇಳಿದೆ.

ಸೈಕಲ್ ಸಿದ್ಧವಾಗಿತ್ತು. ಕಪ್ಪು ಬಣ್ಣ ಬಳಿದು, ಸೀಟಿಗೆ ಹೊಸ ಕವರು ಹಾಕಿ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದ್ದ. ಅವನು ಗಡ್ಡ ಕೆರೆದು, ಒಗೆದ ಅಂಗಿ ಹಾಕಿಕೊಂಡಿದ್ದ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಅಜ್ಜಿ ನನ್ನ ಕಿವಿಯಲ್ಲಿ ಹೇಳಿ ಹೋದಳು. ನಾನು ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ. ಹಿಂದಿನ ದಿನವೇ ಮಾತು ಜೋಡಿಸಿಟ್ಟುಕೊಂಡಿದ್ದೆ.

"ಬಸ್ ಸ್ಟಾಪಲ್ಲಿ ನಿಂತಿದ್ದೋಳು ನನ್ನ ಅಕ್ಕ. ಇವತ್ತಿಗೆ ಆರು ವರ್ಷ. ನಿಮ್ಮನ್ನ ಕ್ಷಮಿಸಿದೀನಿ. ನೀವು ಅನುಭವಿಸಿದ್ದು ಸಾಕು. ನೆಲದ ಮೇಲೆ ಮಲಗೋದು, ಸಕ್ಕರೆ ಬಿಡೋದು, ಇದೆಲ್ಲ ಇನ್ನು ಬೇಡ. ನಿಮ್ಮ ಶಿಕ್ಷೆ ಮುಗೀತು."

ಅವನು ಕೈಯಲ್ಲಿದ್ದ ಬಟ್ಟೆಯಿಂದ ಹ್ಯಾಂಡಲ್ ಒರೆಸುತ್ತಲೇ ಇದ್ದ. ಒರೆಸಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದ.

"ನೀವ್ಯಾರು ಅಂತ ಮೊದಲ ದಿನಾನೇ ಗೊತ್ತಾಯ್ತು. ಕೋರ್ಟಲ್ಲಿ ಒಂದು ಹುಡುಗಿ ಕೈ ಹಿಡ್ಕೊಂಡು ಕೂತಿರ್ತಿದ್ರಿ. ಹೊಡೆಯೋಕೆ ಬಂದಿರಬಹುದು ಅನ್ಕೊಂಡೆ. ಹೊಡೀಲಿ ಅಂತಾನೂ ಅನ್ಕೊಂಡೆ. ನೀವು ಸುಮ್ಮನೆ ಕೂತ್ಕೊಂಡ್ರಿ. ಮಾರನೇ ದಿನಾನೂ ಬಂದ್ರಿ."

ನಾನು ಸೈಕಲ್ಲಿನ ಸೀಟು ಹಿಡಿದುಕೊಂಡೆ.

"ಸಂಜೆ ನೀವು ಬರ್ತೀರಿ, ನಿಮ್ಮೆದುರಿಗೆ ವಾಸನೆ ಹೊಡೀಬಾರದು ಅಂತ ಹಗಲು ಕಳೀತಿದ್ದೆ. ನೀವು ಹೋದ ಮೇಲೆ, ನಾಳೆ ಬರ್ತಾರಲ್ಲ ಅಂತ ರಾತ್ರಿ ಕಳೀತಿದ್ದೆ. ಸೈಕಲ್ ಆ ವಾರಾನೇ ಮುಗಿಸಬಹುದಿತ್ತು ಮೇಡಂ. ಬೇಕೂಂತ ಎಳೆದೆ." ಈಗ ತಲೆ ಎತ್ತಿದ. "ಕ್ಷಮಿಸಬೇಡಿ. ದಯವಿಟ್ಟು. ನೀವು ಕ್ಷಮಿಸಿದ್ರೆ ಆಮೇಲೆ ಬರಲ್ಲ."

"ಬರೋ ಅಗತ್ಯ ಇಲ್ಲ ಅಲ್ವಾ ಇನ್ನು" ಎಂದೆ. ಅಷ್ಟು ಮೆತ್ತಗೆ, ಅಷ್ಟು ಪ್ರೀತಿಯಿಂದ ನಾನು ಯಾರಿಗೂ ಮಾತಾಡಿದ್ದು ನೆನಪಿಲ್ಲ. ಸೈಕಲ್ ತೆಗೆದುಕೊಂಡು ಹೊರಗೆ ಬಂದೆ. ತಿರುಗಿ ನೋಡಲಿಲ್ಲ.

ಮನಸ್ಸು ಶಾಂತವಾಗಿದೆ. ಅಷ್ಟು ದೂರ ಸೈಕಲ್ ತಳ್ಳಿಕೊಂಡು ಬಂದು ಸುಸ್ತಾಗಿದೆ, ಅಷ್ಟೇ.

ಜುಲೈ 19, ಶನಿವಾರ

ಮನೆಯಲ್ಲಿ ಅಕ್ಕ ಇಲ್ಲ. ಸಂದಿನಲ್ಲಿ ನೋಡಿದೆ, ಸಿಂಕಿನ ಹತ್ತಿರ ನೋಡಿದೆ. ಬೆನ್ನ ಹಿಂದೆಯೂ ಇಲ್ಲ. ಬಿಡುಗಡೆ ಎಂದರೆ ಇದೇ ಇರಬೇಕು.

ಜುಲೈ 20, ಭಾನುವಾರ

ಪುಟ್ಟಿ ಕೆಳಗೆ ಸೈಕಲ್ ನೋಡಿ ಬೆಲ್ ಬಾರಿಸಿದಳು. ಎರಡು ನಿಮಿಷ ಮೇಲೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ಅಮ್ಮನ ಸೈಕಲ್ಲಿಗೆ ಜೀವ ಬಂತಲ್ಲ ಎಂದು ನನ್ನನ್ನು ತಬ್ಬಿಕೊಂಡಳು. ಆ ಹೊತ್ತಿಗೆ ಹೇಳಿಬಿಡೋಣ ಎನ್ನಿಸಿತು. ಎಲ್ಲವನ್ನೂ ಹೇಳಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಅವಳು ತೋಳು ಬಿಡಿಸಿಕೊಂಡು ಹಿಂದೆ ಸರಿದಳು.

"ಕ್ಷಮಿಸೋಕೆ ನೀನ್ಯಾರು ಚಿಕ್ಕಿ? ಸತ್ತಿದ್ದು ನನ್ನ ಅಮ್ಮ. ನನ್ನನ್ನ ಒಂದು ಮಾತು ಕೇಳಿದ್ಯಾ?"

"ದ್ವೇಷ ಇಟ್ಕೊಂಡು ಎಷ್ಟು ದಿನ ಪುಟ್ಟಿ..."

"ನನ್ನ ಹತ್ರ ಪಾಠ ಮಾಡ್ಬೇಡ. ಆರು ವರ್ಷದಿಂದ ನಿನ್ನ ಮುಖ ನೋಡ್ಕೊಂಡು ಊಟ ಮಾಡ್ತಿದೀನಿ. ಇದು ಕ್ಷಮಿಸಿದ ಮುಖ ಅಲ್ಲ. ಇಸ್ಪೀಟಲ್ಲಿ ಕೊನೇ ಎಲೆ ಎಸೆಯುವಾಗ ಇರುತ್ತಲ್ಲ, ಆ ಮುಖ. ಏನ್ ಮಾಡಿ ಬಂದೆ ಹೇಳು. ನಿಜ ಹೇಳು, ಏನ್ ಮಾಡಿ ಬಂದೆ ಅಲ್ಲಿ?"

ನನಗೆ ಕೋಪ ಬಂತು. ಬೈದೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಕ್ಕಳಿಗೆ ಏನು ಗೊತ್ತಾಗುತ್ತದೆ.

ಜುಲೈ 21, ಸೋಮವಾರ

ಇವತ್ತು ಪಾತ್ರಾಭಿನಯದ ತರಗತಿ. ನಾನು ಕುಡಿತ ಬಿಟ್ಟವಳ ಪಾತ್ರ, ನರ್ಸ್ ಸಮಾಲೋಚಕಿ. ಅವಳಿಗೆ ಬೇಕಾದ ಪ್ರಶ್ನೆ ಕೇಳಬಹುದು. ಅವಳು ಕುರ್ಚಿ ಹತ್ತಿರ ಎಳೆದುಕೊಂಡು ಮೊದಲ ಪ್ರಶ್ನೆ ಕೇಳಿದಳು: "ಇತ್ತೀಚೆಗೆ ದಾರಿ ಬದಲಾಯಿಸಿದೀರಾ?"

ಪಾತ್ರದಲ್ಲಿ ಉತ್ತರ ಹುಡುಕಿದೆ. ಚಪ್ಪಲಿ, ಚಮ್ಮಾರ ಏನೇನೋ ಇದ್ದವು. ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಡಿಪೋ ಕಡೆಯ ಬಸ್ಸು. ಗಾಳಿ ಇಳಿದ ಸೈಕಲ್ಲು. ಬೀದಿ ಕೊನೆಯ ರಿಪೇರಿಯವನು. ಡಾಕ್ಟರು ನಡೆಯಲು ಹೇಳಿದ್ದು.

"ಮೇಡಂ?" ಎಂದಳು.

ತಲೆ ಸುತ್ತುತ್ತಿದೆ ಎಂದು ಎದ್ದು ಬಂದೆ.

ಅವನು ಕುಡಿಯಲಿ ಎಂದೇ ನಾನು ಹೋದದ್ದು. ಬರೆದಿದ್ದೇನೆ. ಇರಲಿ.

ಜುಲೈ 22, ಮಂಗಳವಾರ

ತರಗತಿ ಬಿಟ್ಟು ಬೆಳಿಗ್ಗೆಯೇ ಹೋದೆ. ಷಟರ್ ಮುಚ್ಚಿತ್ತು. ಹೊರಗೆ ಬೀಗ ಇರಲಿಲ್ಲ.

"ಶುಕ್ರವಾರ ನೀವು ಹೋದ ಮೇಲೆ ಎಳೆದಿದ್ದು" ಎಂದಳು ಟೀ ಅಂಗಡಿಯ ಅಜ್ಜಿ. "ನಿನ್ನೆ ಒಂದ್ಸಲ ಹೊರಗೆ ಬಂದ. ಸಕ್ಕರೆ ಹಾಕಿ ಟೀ ಕೊಡಜ್ಜಿ ಅಂದ. ಖುಷಿಯಿಂದ ಮಾಡಿಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು, ಸೀದಾ ಎದುರಿಗೆ ಹೋಗಿ ಸೀಸೆ ತಗೊಂಡು ಒಳಗೆ ಹೋದ." ನನ್ನ ಮುಖ ನೋಡಿದಳು. "ನೀವು ಅಷ್ಟು ಒಳ್ಳೆ ಮಾತು ಹೇಳಿದ್ರಲ್ಲ ತಾಯಿ, ನನ್ನ ಕಿವಿಯಾರೆ ಕೇಳಿದೆ. ಆಮೇಲೆ ಯಾಕೆ ಹಿಂಗಾಯ್ತೋ."

ವಾರ್ಡರ್ ಸಾಹೇಬರಿಗೆ ಫೋನ್ ಮಾಡಿ, ಮಾಡಿದ್ದನ್ನು ಮಾಡಿದ ಹಾಗೇ ಹೇಳಿದೆ. "ಅಲ್ಲೇ ಇರಿ" ಎಂದಷ್ಟೇ ಅಂದರು. ಷಟರಿನ ಎದುರಿಗೆ ನೆಲದ ಮೇಲೆ ಕೂತೆ. ತಗಡು ತಟ್ಟಿದೆ. ಒಳಗೆ ಏನೋ ಸರಿದ ಸದ್ದು.

"ನಾನು" ಎಂದೆ. "ಶುಕ್ರವಾರ ಹೇಳಿದ್ದು ಸುಳ್ಳು. ನಿಮ್ಮನ್ನ ಕ್ಷಮಿಸಿಲ್ಲ. ನೀವು ಮತ್ತೆ ಕುಡಿದು ಹಾಳಾಗಲಿ ಅಂತ ಹಾಗಂದೆ. ಇಂಥೋರನ್ನ ಎಲ್ಲಿ ಮುಟ್ಟಿದ್ರೆ ಬೀಳ್ತಾರೆ ಅಂತ ನನಗೆ ಗೊತ್ತು. ಅದೇ ನನ್ನ ಕೆಲಸ."

ಇನ್ನೊಮ್ಮೆ ತಗಡು ತಟ್ಟಿದೆ.

"ನಿಜವಾಗ್ಲೂ ಕ್ಷಮಿಸಿಲ್ವಾ?"

ಎಷ್ಟು ಕುಡುಕರ ದನಿ ಕೇಳಿದವಳು ನಾನು! ಒಂದೇ ಮಾತಿನಲ್ಲಿ, ಎಷ್ಟು ಕುಡಿದಿದ್ದಾನೆ, ಯಾವಾಗ ಕುಡಿದಿದ್ದಾನೆ ಎಂದು ಹೇಳಬಲ್ಲೆ ಎಂದು ಜಂಬ ಪಟ್ಟವಳು. ತಗಡಿನ ಹಿಂದಿನ ಆ ದನಿ ಯಾವುದೆಂದು ನನಗೆ ತಿಳಿಯಲಿಲ್ಲ.

"ಇಲ್ಲ. ಅಕ್ಕನ ನೆನೆದ್ರೆ ನಿಮ್ಮ ಕತ್ತು ಹಿಸುಕಬೇಕು ಅನ್ಸುತ್ತೆ" ಎಂದೆ. ಆಗ ಅತ್ತೆ. ಬೀದಿಯಲ್ಲಿ ಜನ ನಿಂತು ನೋಡಿದರು. ಅಕ್ಕ ಸತ್ತಾಗ ಪುಟ್ಟಿಯ ಎದುರಿಗೆ ಅಳಬಾರದೆಂದು ಅತ್ತಿರಲಿಲ್ಲ.

ವಾರ್ಡರ್ ಸಾಹೇಬರು ಆಟೋದಲ್ಲಿ ಬಂದರು. ನನ್ನನ್ನು ದಾಟಿ ಹೋದರು. ಷಟರಿಗೆ ಬಾಯಿ ಹಚ್ಚಿ, "ಮೇಷ್ಟ್ರೇ, ನಾನು ಕಣಪ್ಪಾ, ತೆಗಿ" ಎಂದರು. ಷಟರ್ ಮೊಣಕಾಲೆತ್ತರ ಮೇಲೆದ್ದಿತು. ಈ ವಯಸ್ಸಿನಲ್ಲಿ ಆ ಮನುಷ್ಯ ಬಗ್ಗಿ, ಅಂಗೈ ನೆಲಕ್ಕೆ ಊರಿ, ಒಳಗೆ ನುಸುಳಿದರು. ನಾನು ಹೊರಗೇ ಕೂತಿದ್ದೆ. ಅಜ್ಜಿ ಟೀ ತಂದಿಟ್ಟಳು. ಅದು ಆರಿಹೋಯಿತು.

ಸಾಹೇಬರು ಹೊರಗೆ ಬಂದಾಗ ಕೈಯಲ್ಲಿ ಸೀಸೆ ಇತ್ತು. ಅರ್ಧ ಖಾಲಿ. ಉಳಿದದ್ದನ್ನು ಚರಂಡಿಗೆ ಸುರಿದರು.

"ಕೇಂದ್ರದಿಂದ ಇಬ್ಬರನ್ನ ಕರೆಸಿದೀನಿ. ನಾನು ಜೊತೆಗಿರ್ತೀನಿ. ನೀವು ಇವತ್ತು ಒಳಗೆ ಬರ್ಬೇಡಿ" ಎಂದರು. ಆಮೇಲೆ ಸೀಸೆಯನ್ನು ಕೈಯಲ್ಲೇ ತಿರುಗಿಸುತ್ತಾ, "ಒಂದೇ ಮಾತು ಕೇಳ್ತಿದಾನೆ. ನಾಳೆಯಿಂದ ಬರ್ತೀರಾ ಅಂತ" ಎಂದರು.

ಬರ್ತೀನಿ ಅಂತ ಹೇಳಿ ಎಂದೆ.

ಮನೆಗೆ ಬಂದು ಪುಟ್ಟಿಗೂ ಹೇಳಿದೆ, ಏನು ಮಾಡಿ ಬಂದೆ ಎಂದು. ಅವಳು ಕೇಳಿಸಿಕೊಂಡು, ಊಟಕ್ಕೆ ಎರಡು ತಟ್ಟೆ ಇಟ್ಟಳು. ನನಗೆ ಆ ಮನುಷ್ಯನ ಮುಖ ನೋಡುವ ಆಸೆ ಎಳ್ಳಷ್ಟೂ ಇಲ್ಲ. ನಾಳೆ ಹೋಗಬೇಕು. ನಾಡಿದ್ದೂ ಹೋಗಬೇಕು.